ಮಾರೆಣ್ಣನ ಎಡಗೈ

ಎಕ್ಸೆಲ್ ಗಾಡಿಯವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ನಾನು ಬಸ್ ಕಂಡಕ್ಟರ್, ಹೆಸರು ಉಜ್ಜಿನಪ್ಪ. ಕುರುಗೋಡಿನಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಕುರುಗೋಡಿಗೆ ಓಡಾಡುತ್ತಲೇ ತಲೆ ಬೆಳ್ಳಗಾಯಿತು. ಆ ಪುಟ್ಟ ಮೊಪೆಡ್ಡಿನ ಮುಂದೆ ಹುಲ್ಲಿನ ಹೊರೆ, ಹಿಂದೆ ಹೆಂಡತಿ, ಪಕ್ಕದಲ್ಲಿ ಹಾಲಿನ ಕ್ಯಾನು ನೇತು ಹಾಕಿಕೊಂಡು ಅವರು ರಸ್ತೆಯ ನಟ್ಟನಡುವೆ ತಮ್ಮ ಪಾಡಿಗೆ ಹೋಗುತ್ತಿರುತ್ತಾರೆ. ನಮ್ಮ ಡ್ರೈವರ್ ಗಾದೆಪ್ಪ ಹಾರನ್ ಹೊಡೆದು ಹೊಡೆದು ಸುಸ್ತಾದರೂ ತಿರುಗಿ ನೋಡುವುದಿಲ್ಲ. ನೋಡಿದರೂ, ಎಲ್ಲೋ ಯಾರದೋ ಮದುವೆಯ ಬ್ಯಾಂಡ್ ಕೇಳಿಸಿತೆಂಬಂತೆ ಒಂದು ಸಲ ನೋಡಿ ಮತ್ತೆ ಮುಂದಕ್ಕೆ. ಅಂಥವರಲ್ಲೆಲ್ಲ ದೊಡ್ಡವನು ನಮ್ಮೂರಿನ ಮಾರೆಣ್ಣ.

ಮಾರೆಣ್ಣನ ಕಸುಬು ಜೀನ್ಸ್ ಗಂಟು ಸಾಗಿಸುವುದು. ಬಳ್ಳಾರಿಯ ಕೌಲ್ ಬಜಾರಿನ ಓಣಿಗಳಲ್ಲಿ ಜೀನ್ಸ್ ಹೊಲಿಯುವ ಸಣ್ಣ ಸಣ್ಣ ಕಾರ್ಖಾನೆಗಳಿವೆ. ಅಲ್ಲಿ ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸಿ, ಗುಂಡಿ ಹಚ್ಚಿ, ಮಡಚಿ ಕೊಡುವ ಕೆಲಸ ನಮ್ಮೂರಿನ ಹೆಣ್ಣುಮಕ್ಕಳದು. ಗಂಟು ತರುವವನೂ ಮುಗಿದದ್ದನ್ನು ಮುಟ್ಟಿಸುವವನೂ ಮಾರೆಣ್ಣನೇ. ಎಕ್ಸೆಲ್ಲಿನ ಮುಂದೆ ಕಾಲಿಡುವ ಜಾಗದಲ್ಲಿ ಎಷ್ಟು ಎತ್ತರಕ್ಕೆ ಪೇರಿಸುತ್ತಿದ್ದನೆಂದರೆ, ಎದುರಿನಿಂದ ನೋಡಿದವರಿಗೆ ಗಂಟು ಕಾಣುತ್ತಿತ್ತು, ಗಂಟಿನ ಮೇಲೆ ಅವನ ಹಣೆ ಕಾಣುತ್ತಿತ್ತು, ಅಷ್ಟೇ. ಹಾಗೆ ವರ್ಷಗಟ್ಟಲೆ ಓಡಿಸಿದ. ಒಂದು ಸಲವೂ ಬೀಳಲಿಲ್ಲ. ಅದೂ ನನಗೆ ಸಿಟ್ಟು ತರಿಸುತ್ತಿತ್ತು.

ಬೀಳದಿರುವುದಕ್ಕೆ ಕಾರಣವಿತ್ತು. ಎಕ್ಸೆಲ್ಲಿಗೆ ಗೇರಿಲ್ಲ, ಕ್ಲಚ್ಚಿಲ್ಲ, ಕಾಲಿಗೆ ಕೆಲಸವೇ ಇಲ್ಲ. ಎರಡು ಬ್ರೇಕೂ ಕೈಯಲ್ಲೇ ಇರುತ್ತವೆ. ಬಲಗೈಯದು ಮುಂದಿನ ಗಾಲಿಗೆ, ಎಡಗೈಯದು ಹಿಂದಿನ ಗಾಲಿಗೆ. ಮುಂದೆ ಅಷ್ಟು ಭಾರ ಹೇರಿಕೊಂಡು ಮುಂದಿನ ಬ್ರೇಕ್ ಹಿಡಿದರೆ ಗಂಟಿನ ಸಮೇತ ಮುಗ್ಗರಿಸುವುದೇ. ಅದಕ್ಕೇ ಗಂಟು ಹೊರುವವರು ಬಲಗೈ ಬ್ರೇಕಿನ ತಂಟೆಗೇ ಹೋಗುವುದಿಲ್ಲ. ಮಾರೆಣ್ಣನ ಗಾಡಿಯಲ್ಲಿ ಅದರ ತಂತಿ ತುಕ್ಕು ಹಿಡಿದು ಅಂಟಿಕೊಂಡಿತ್ತು. ಎಮ್ಮೆ ಅಡ್ಡ ಬಂದರೂ ಎಡಗೈ, ಲಾರಿ ಅಡ್ಡ ಬಂದರೂ ಎಡಗೈ. ಅವನ ಜೀವವೆಲ್ಲ ಆ ಕೈಯ ಬೆರಳುಗಳಲ್ಲಿತ್ತು.

ಅವನ ಹೆಂಡತಿ ಹಂಪಕ್ಕ ಸಿರುಗುಪ್ಪ ಕಡೆಯ ಕೆಂಚನಗುಡ್ಡದವಳು. ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ ಬೆಳೆದವಳು, ಬಾಯಿ ಜೋರು. ಜೀನ್ಸ್ ಕೆಲಸದ ಹೆಂಗಸರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು, ಊರಿನ ಸುದ್ದಿಯನ್ನೆಲ್ಲ ದಾರದ ಜೊತೆಗೇ ಕತ್ತರಿಸಿ ಹಾಕುತ್ತಿದ್ದಳು. ನನಗೆ ಅವಳೆಂದರೆ ಸ್ವಲ್ಪ ಅಂಜಿಕೆ, ಬಹಳ ಅಭಿಮಾನ. ಒಂದು ಬೇಸಿಗೆಯಲ್ಲಿ ಅವಳ ಮುಖ ಊದಿತು, ಕಾಲು ಊದಿತು. ಊರಿನ ಡಾಕ್ಟರು ನೀರು ತುಂಬಿದೆ ಎಂದರು. ಬಳ್ಳಾರಿಯವರು ಎರಡೂ ಕಿಡ್ನಿ ಹೋಗಿವೆ ಎಂದರು. ಅಲ್ಲಿಂದಾಚೆಗೆ ವಾರಕ್ಕೆರಡು ಸಲ ಬಳ್ಳಾರಿಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕಾಯಿತು. 'ರಕ್ತ ತೊಳಸಾಕ ಹೊಂಟೀವಿ' ಎನ್ನುತ್ತಿದ್ದಳು, ಬಟ್ಟೆ ತೊಳೆಯಲು ಕಾಲುವೆಗೆ ಹೊರಟವಳ ಹಾಗೆ.

ನೀರಿಗೂ ಮಿತಿ ಹಾಕಿದ್ದರು. ನಮ್ಮ ಬಿಸಿಲಿನಲ್ಲಿ ಇಡೀ ದಿನಕ್ಕೆ ಎರಡು ಸಣ್ಣ ಲೋಟ. ಅವಳು ಬಾಯಿ ಮುಕ್ಕಳಿಸಿ ಉಗುಳಿ, ಉಗುಳಿದ್ದನ್ನೇ ನೋಡುತ್ತ ನಿಲ್ಲುತ್ತಿದ್ದಳು. 'ಹೊಳಿ ದಂಡ್ಯಾಗ ಹುಟ್ಟಿದಾಕಿ, ನೀರು ನೀರು ಅಂತ ಸಾಯಾಕತ್ತೀನಿ ನೋಡಣ್ಣ' ಎಂದು ಒಂದು ದಿನ ನನ್ನ ಮುಂದೆ ನಕ್ಕಳು. ನನಗೆ ಆ ನಗೆ ಸೇರಲಿಲ್ಲ. ಮನೆಗೆ ಬಂದು ಎತ್ತಿದ ನೀರಿನ ತಂಬಿಗೆಯನ್ನು ಹಾಗೆಯೇ ಕೆಳಗಿಟ್ಟೆ.

ಸೂಜಿ ಚುಚ್ಚಲು ಅನುಕೂಲವಾಗಲೆಂದು ಅವಳ ಎಡ ಮುಂಗೈಯಲ್ಲಿ ಆಪರೇಷನ್ ಮಾಡಿ ಎರಡು ರಕ್ತನಾಳ ಕೂಡಿಸಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಗುಂಯ್ ಎನ್ನುತ್ತಿತ್ತು. ಆ ಸದ್ದು ಇರುವತನಕ ಕೈ ಸರಿಯಾಗಿದೆ, ಆ ಕೈಗೆ ಭಾರ ಬೀಳಬಾರದು, ಏಟು ಬೀಳಬಾರದು ಎಂದು ನರ್ಸಮ್ಮ ಒತ್ತಿ ಒತ್ತಿ ಹೇಳಿದ್ದಳು. 'ನನ್ನ ಹೇಂತಿ ಕೈಯಾಗ ಜೇನು ಸಾಕ್ಯಾಳ' ಎಂದು ಮಾರೆಣ್ಣ ಊರಿಗೆಲ್ಲ ಹೇಳಿಕೊಂಡು ಬಂದ. ಬೆಳಿಗ್ಗೆ ಎದ್ದ ಕೂಡಲೇ ಆ ಮುಂಗೈಗೆ ಕಿವಿ ಹಚ್ಚಿ, ಸದ್ದು ಕೇಳಿದ ಮೇಲೆಯೇ ಅವನು ಮುಖ ತೊಳೆಯುತ್ತಿದ್ದುದು.

ಮೊದಮೊದಲು ಎಕ್ಸೆಲ್ ಮೇಲೆಯೇ ಕರೆದುಕೊಂಡು ಹೋಗುತ್ತಿದ್ದ. ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಕೌಲ್ ಬಜಾರಿಗೆ ಹೋಗಿ ಗಂಟು ಕಟ್ಟಿಸಿಕೊಂಡು ಬರುವಷ್ಟರಲ್ಲಿ ರಕ್ತ ತೊಳೆಯುವುದು ಮುಗಿದಿರುತ್ತಿತ್ತು. ಬಸ್ಸಿನಲ್ಲಿ ಬಾ ಎಂದು ನಾನು ಕರೆದಿದ್ದೆ. ಎರಡು ಸಲ ಬಂದಳು. ಕಾಲೇಜು ಹುಡುಗರ ನೂಕುನುಗ್ಗಲಿನಲ್ಲಿ ನಿಂತು ವಾಂತಿ ಮಾಡಿಕೊಂಡಳು. ಜನರೆದುರು ಹಾಗಾಯಿತೆಂದು ನಾಚಿ, ಬಸ್ಸಿನ ಮಾತು ಬಿಟ್ಟಳು. ಕೊನೆಗೊಂದು ದಿನ ಕೋಳೂರು ಕ್ರಾಸಿನ ಹತ್ತಿರ ಎಕ್ಸೆಲ್ಲಿನ ಎಂಜಿನ್ ಕಚ್ಚಿಕೊಂಡು ನಿಂತೇ ಹೋಯಿತು. ಇದನ್ನು ರಿಪೇರಿ ಮಾಡಿಸುವ ಬದಲು ಗುಜರಿಗೆ ಹಾಕು ಎಂದ ಮೆಕ್ಯಾನಿಕ್.

ಹಂಪಕ್ಕನ ತಮ್ಮ ಹುಲುಗೇಶ್ ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಕ್ಕನ ಪಾಡು ಕೇಳಿ ತನ್ನ ಗೇರಿನ ಬೈಕನ್ನೇ ತಂದು ಬಾಗಿಲಲ್ಲಿ ನಿಲ್ಲಿಸಿದ. ಕೆಂಪು ಬಣ್ಣ, ಉದ್ದನೆಯ ಮೆತ್ತನೆ ಸೀಟು. 'ಮಾವಾ, ಅಕ್ಕನ್ನ ಆರಾಮಾಗಿ ಕರಕೊಂಡು ಹೋಗು' ಎಂದು ಕೀಲಿ ಕೊಟ್ಟು ಸಂಜೆಯ ಬಸ್ಸಿಗೆ ಹೊರಟುಹೋದ.

ಕಲಿಸುವ ಕೆಲಸ ನನ್ನ ತಲೆಗೆ ಬಂತು. ರಜೆಯ ದಿನ ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋದೆ.

'ನೋಡಪ, ಇದು ಎಕ್ಸೆಲ್ ಅಲ್ಲ. ಎಡಗೈಯಾಗ ಇರೋದು ಕ್ಲಚ್ಚು. ಹಿಂದಿನ ಬ್ರೇಕು ಬಲಗಾಲಾಗ ಐತಿ, ಮುಂದಿನದು ಬಲಗೈಯಾಗ. ಗಾಡಿ ನಿಲ್ಲಸಬೇಕಂದ್ರ ಎಡಗೈ ಮರ್ತುಬಿಡು.'

'ಮರ್ತೆ ಬಿಡಣ್ಣ' ಎಂದ ಮಾರೆಣ್ಣ.

ಗೇರು ಹಾಕುವುದನ್ನು ಬೇಗ ಕಲಿತ. ಮೈದಾನದ ಸುತ್ತ ಚೆನ್ನಾಗಿಯೇ ಬಂದ, ಮದುಮಗನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು. ನಾನು ಎದುರಿಗೆ ಬಂದು, ನಿಲ್ಲು ಎಂದು ಕೈ ಅಡ್ಡ ಹಿಡಿದೆ. ಗಾಡಿ ನಿಲ್ಲಲಿಲ್ಲ. ನಾನು ಪಕ್ಕಕ್ಕೆ ಜಿಗಿದೆ. ಅವನು ನೇರ ಹೋಗಿ ವಾಲಿಬಾಲ್ ಕಂಬಕ್ಕೆ ಗುದ್ದಿಕೊಂಡ.

'ಹಿಡದೆ ಉಜ್ಜಣ್ಣ, ಗಟ್ಟಿ ಹಿಡದೆ, ನಿಲ್ಲವಲ್ದು!'

'ಲೇ, ನೀ ಹಿಡದಿದ್ದು ಎಡಗೈ!'

ಮಾರೆಣ್ಣ ತನ್ನ ಎಡಗೈ ನೋಡಿಕೊಂಡ. ಅದು ಇನ್ನೂ ಕ್ಲಚ್ಚನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು. ಹಿಡಿದದ್ದು ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ. ಎಡಗೈ ಹಿಡಿದರೆ ಎಕ್ಸೆಲ್ ನಿಲ್ಲುತ್ತದೆ. ಬೈಕಿನಲ್ಲಿ ಅದೇ ಕೈ ಹಿಡಿದರೆ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಹಗುರಾಗಿ ಇನ್ನೂ ಓಡುತ್ತದೆ. ನಿಲ್ಲುತ್ತಿಲ್ಲ ಎಂದು ಇನ್ನೂ ಗಟ್ಟಿಯಾಗಿ ಹಿಡಿದರೆ ಮುಗಿದೇ ಹೋಯಿತು. ನಮ್ಮ ಕಡೆ ಎಕ್ಸೆಲ್ ಬಿಟ್ಟು ಬೈಕ್ ಹತ್ತಿದ ಎಷ್ಟೋ ಜನ ಹೀಗೆಯೇ ಗೋಡೆ, ಗಟಾರ, ಎಮ್ಮೆಗಳಿಗೆ ಗುದ್ದಿದ್ದಾರೆ.

ಹಂಪಕ್ಕ ಇದಕ್ಕೊಂದು ಮದ್ದು ಹುಡುಕಿದಳು. ಸಂಜೆ ಮನೆಯ ಮುಂದೆ ಬೈಕಿಗೆ ಸ್ಟ್ಯಾಂಡ್ ಹಾಕಿ, ಅದರ ಮೇಲೆ ಗಂಡನನ್ನು ಕೂರಿಸಿ, ತಾನು ಹೊಸ್ತಿಲ ಮೇಲೆ ಕುಳಿತುಕೊಳ್ಳುತ್ತಿದ್ದಳು. ಗಾಡಿ ನಿಂತಲ್ಲೇ ನಿಂತಿದೆ, ಮಾರೆಣ್ಣ ಗಂಭೀರವಾಗಿ ಓಡಿಸುತ್ತಿದ್ದಾನೆ. ಇದ್ದಕ್ಕಿದ್ದಂತೆ ಇವಳು ಕೂಗುತ್ತಿದ್ದಳು: 'ಎಮ್ಮಿ ಬಂತು!'

ಎಡಗೈ ಮುಚ್ಚುತ್ತಿತ್ತು.

'ಸತ್ತಿ. ಮತ್ತ ನಡಿ... ಹಂದಿ ಬಂತು!'

ಎಡಗೈ.

'ಮತ್ತ ಸತ್ತಿ. ನೀ ಸತ್ತಿದ್ದು ಹೋಗ್ಲಿ, ಹಿಂದ ಕುಂತ ನನ್ನೂ ಕೊಂದಿ.'

ಕೇರಿಯ ಜನವೆಲ್ಲ ನೋಡಲು ಬರುತ್ತಿತ್ತು. ಹೆಂಗಸರು ತಾವೂ 'ನಿನ್ನ ಬೀಗರು ಬಂದ್ರು!' ಎಂದು ಕೂಗಿ ನಗುತ್ತಿದ್ದರು. ಮಾರೆಣ್ಣನಿಗೆ ಸಿಟ್ಟೇ ಬರುತ್ತಿರಲಿಲ್ಲ. ಹೆಂಡತಿ ಮತ್ತೆ ಮೊದಲಿನ ಹಾಗೆ ಬಾಯಿ ಮಾಡುತ್ತಿದ್ದಾಳೆ ಎನ್ನುವ ಖುಷಿಯೇ ಅವನಿಗೆ ಸಾಕಿತ್ತು. ಬರಬರುತ್ತ ಬಲಗಾಲು ಮಾತು ಕೇಳತೊಡಗಿತು, ಬಲಗೈ ಜೊತೆಗೂಡಿತು. ನಾನು ಹೆಲ್ಮೆಟ್ ಹಾಕಿಸಿದೆ, ಕನ್ನಡಿ ನೋಡುವುದನ್ನು ಕಲಿಸಿದೆ, ಬಸ್ಸಿನ ಎಡಗಡೆಯಿಂದ ನುಗ್ಗಬಾರದು ಎಂದು ಬೈದು ಬೈದು ಹೇಳಿದೆ. ಪರೀಕ್ಷೆ ಮಾಡಿದಾಗಲೆಲ್ಲ ಸರಿಯಾಗಿ ನಿಲ್ಲಿಸಿದ. ಆಮೇಲೆಯೇ ಹಂಪಕ್ಕ ಹಿಂದೆ ಕುಳಿತದ್ದು.

ಒಂದು ಮಳೆಗಾಲವೆಲ್ಲ ಚೆನ್ನಾಗಿ ನಡೆಯಿತು. ವಾಪಸ್ ಬರುವಾಗ ಅವಳಿಗೆ ಜೀವವೇ ಇರುತ್ತಿರಲಿಲ್ಲ, ತೂಕಡಿಸುತ್ತಿದ್ದಳು. ಎಡಕ್ಕೆ ಎರಡೂ ಕಾಲು ಇಳಿಬಿಟ್ಟು ಕೂರುವ ಹೆಣ್ಣುಮಕ್ಕಳು ತೂಕಡಿಸಿದರೆ ಜಾರಿ ಬೀಳುತ್ತಾರೆ. ಅದಕ್ಕೆ ಮಾರೆಣ್ಣ ತನ್ನ ಟವಲ್ಲಿಗೆ ಇನ್ನೊಂದು ಟವಲ್ ಗಂಟು ಹಾಕಿ, ಅವಳ ಸೊಂಟ ಬಳಸಿ ತನ್ನ ಹೊಟ್ಟೆಯ ಮೇಲೆ ಬಿಗಿಯುತ್ತಿದ್ದ. ನಮ್ಮಲ್ಲಿ ಮಕ್ಕಳನ್ನೂ ರೋಗಿಗಳನ್ನೂ ಹೀಗೆ ಕಟ್ಟಿಕೊಂಡು ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವನ ಬೆನ್ನಿಗೆ ಕೆನ್ನೆ ಹಚ್ಚಿ ಅವಳು ನಿದ್ದೆ ಹೋಗುತ್ತಿದ್ದಳು. ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ನೋಡಿ ಹೊಟ್ಟೆ ತಣ್ಣಗಾಗಿದೆ.

ಭತ್ತ ಕೊಯ್ಲಿನ ಕಾಲ ಬಂತು. ಆ ದಿನಗಳಲ್ಲಿ ನಮ್ಮ ರಸ್ತೆಗಳು ಅರ್ಧ ಮಾತ್ರ ರಸ್ತೆ, ಉಳಿದರ್ಧ ಕಣ. ಡಾಂಬರಿನ ಮೇಲೆ ಭತ್ತ ಹರವಿ, ಗಾಡಿಗಳು ಹತ್ತದಿರಲೆಂದು ಅಂಚಿಗೆ ತಲೆಗಾತ್ರದ ಕಲ್ಲು ಸಾಲಾಗಿ ಇಡುತ್ತಾರೆ. ನಾವೆಷ್ಟು ಬೈದರೂ ಇಡುತ್ತಾರೆ, ಒಣಗಿಸಲು ಅವರಿಗಾದರೂ ಬೇರೆ ಜಾಗ ಎಲ್ಲಿದೆ? ಒಂದು ಮಧ್ಯಾಹ್ನ ಬಳ್ಳಾರಿಯಿಂದ ಬರುತ್ತಿದ್ದ ಮಾರೆಣ್ಣನಿಗೆ ಎದುರಿನಿಂದ ಲಾರಿ ಬಂತು. ಎಡಕ್ಕೆ ಸರಿದ. ಎಡಕ್ಕೆ ಭತ್ತವಿತ್ತು, ಕಲ್ಲುಗಳಿದ್ದವು. ಬ್ರೇಕ್ ಹಿಡಿಯಲು ಜಾಗವೂ ಇತ್ತು, ಹೊತ್ತೂ ಇತ್ತು. ಅವನು ಹಿಡಿದ. ಎಡಗೈ ಹಿಡಿದ.

ಗಾಡಿ ಕಲ್ಲಿಗೆ ತಾಗಿ ಭತ್ತದ ಮೇಲೆ ಎಡಕ್ಕೆ ಜಾರಿತು. ಕಟ್ಟದೆ ಬಿಟ್ಟಿದ್ದರೆ ಹಂಪಕ್ಕ ಭತ್ತದ ರಾಶಿಯ ಮೇಲೆ ಉರುಳಿ ಎದ್ದು ಕೂರುತ್ತಿದ್ದಳೋ ಏನೋ. ಅವಳು ಬೀಳದಿರಲೆಂದು ಕಟ್ಟಿದ ಟವಲ್ಲು ಅವಳನ್ನು ಗಂಡನ ಜೊತೆಗೇ ಎಳೆದುಕೊಂಡು ಹೋಯಿತು. ಗಾಡಿಯ ಭಾರ, ಗಂಡನ ಭಾರ, ಎರಡೂ ಅವಳ ಎಡಗೈ ಮೇಲೆ ಬಿದ್ದವು.

ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ನಮ್ಮ ಬಸ್ ಬಂತು. ಮಾರೆಣ್ಣ ರಸ್ತೆಯ ಮೇಲೆ ಮಂಡಿಯೂರಿ, ಹೆಂಡತಿಯ ಮುಂಗೈಗೆ ಕಿವಿ ಹಚ್ಚಿ ಕುಳಿತಿದ್ದ. ಅವನ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಭತ್ತದವರು ಸುತ್ತ ನಿಂತು ಏನೇನೋ ಹೇಳುತ್ತಿದ್ದರು.

'ಸುಮ್ನಿರ್ರಿ' ಎಂದು ಅವರಿಗೆ ಕೂಗಿದ. 'ಕೇಳಸವಲ್ದು, ಸುಮ್ನಿರ್ರಿ!'

ಎಲ್ಲರೂ ಸುಮ್ಮನಾದರು. ಆಗಲೂ ಕೇಳಿಸಲಿಲ್ಲ.

ಆಸ್ಪತ್ರೆಯವರು ಆ ಕೈ ಇನ್ನು ಕೆಲಸಕ್ಕೆ ಬಾರದು ಎಂದರು. ರಕ್ತ ತೊಳೆಯಲು ಕುತ್ತಿಗೆಗೆ ನಳಿಕೆ ಹಾಕಿದರು. ಅದರಿಂದ ಜ್ವರ, ಜ್ವರಕ್ಕೆ ಇಂಜೆಕ್ಷನ್, ಮತ್ತೆ ಜ್ವರ. ಹಂಪಕ್ಕ ಇಳಿದುಹೋದಳು, ಬಾಯಿ ಮಾತ್ರ ಇಳಿಯಲಿಲ್ಲ. ಮನೆಗೆ ಬಂದ ಮೊದಲ ದಿನವೇ, ನಾನು ನೋಡಲು ಹೋದಾಗ, ನನ್ನೆದುರೇ ಗಂಡನಿಗೆ ಹೇಳಿದಳು: 'ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ, ಜಯಶ್ರೀ ಅಪ್ಪ. ಆದ್ರ ನಿನ್ನ ಎಡಗೈ ಸುಮ್ಮನಾಗೋ ತನಕ ನಾ ನಿನ್ನ ಹಿಂದ ಕುಂದ್ರಂಗಿಲ್ಲ.'

ಸಿರುಗುಪ್ಪಕ್ಕೆ ಕೊಟ್ಟಿದ್ದ ಮಗಳು ಜಯಶ್ರೀ ಬಂದಿದ್ದಳು. 'ಆ ಹಾಳು ಗಾಡಿ ಮಾರಪ್ಪಾ' ಎಂದು ಅತ್ತಳು. ಅದಕ್ಕೆ ಅಡ್ಡ ಬಂದವಳು ಹಂಪಕ್ಕನೇ. 'ಮಾರಿದ್ರ ಗಂಟು ಯಾವಾತ ತರ್ತಾನ? ಕಲೀಲಿ. ಬಿದ್ದಾವ್ರು ಏಳಬಾರ್ದು ಅಂತ ಐತೇನು?'

ಆಮೇಲೆ ಶುರುವಾದದ್ದು ನಮ್ಮ ಬಸ್ಸಿನ ಹಿಂದಿನ ಮೆರವಣಿಗೆ. ಬೆಳಿಗ್ಗೆಯ ಮೊದಲ ಬಸ್ಸಿಗೆ ಹಂಪಕ್ಕ ಬರುತ್ತಿದ್ದಳು. ಕೊನೆಯ ಸಾಲಿನಲ್ಲಿ ಹಿಂದಿನ ಗಾಜಿಗೆ ಒರಗಿದ ಜಾಗವನ್ನು ನಾನು ಕೈಚೀಲ ಇಟ್ಟು ಹಿಡಿದಿರುತ್ತಿದ್ದೆ. ಮಾರೆಣ್ಣ ಬಸ್ಸಿನ ಹಿಂದೆ ಬೈಕಿನಲ್ಲಿ ಬರುತ್ತಿದ್ದ. ಅವನಿಗೆ ಗಂಟು ತರಬೇಕಿತ್ತು, ಗಾಡಿ ಬೇಕೇ ಬೇಕು. ಹಾಗಂತ ಹೆಂಡತಿಯನ್ನು ಒಬ್ಬಳನ್ನೇ ಕಳಿಸುವುದಕ್ಕೂ ಮನಸ್ಸಿಲ್ಲ. ಮುಂದೆ ಹೋಗಿ ಕಾಯುತ್ತಲೂ ಇರಲಿಲ್ಲ. ನಾವು ನಿಂತಲ್ಲಿ ನಿಲ್ಲುತ್ತಿದ್ದ, ಹೊರಟಾಗ ಹೊರಡುತ್ತಿದ್ದ. ಹಂಪಕ್ಕ ಮೈ ತಿರುಗಿಸಿ ಗಾಜಿನಿಂದ ಅವನನ್ನೇ ನೋಡುತ್ತ ಕೂರುತ್ತಿದ್ದಳು. ಜೋರಾಯಿತು ಅನಿಸಿದರೆ ಅಂಗೈ ಮೇಲೆ ಕೆಳಗೆ ಆಡಿಸಿ ನಿಧಾನ ಎನ್ನುತ್ತಿದ್ದಳು. ಅವನು ಹೆಲ್ಮೆಟ್ ಅಲ್ಲಾಡಿಸುತ್ತಿದ್ದ.

'ಏನ್ ಹಂಪಕ್ಕ, ಇಷ್ಟು ವಯಸ್ಸಾದ ಮ್ಯಾಲೆ ಗಂಡ ಬೆನ್ನು ಹತ್ಯಾನಲ್ಲ' ಎಂದು ಜನ ಚುಡಾಯಿಸುತ್ತಿದ್ದರು.

'ಹುಡುಗಿ ಇದ್ದಾಗ ಬೆನ್ನು ಹತ್ತಲಿಲ್ಲ ಮೂದೇವಿ, ಈಗ ಹತ್ಯಾನ' ಎನ್ನುತ್ತಿದ್ದಳು. ಬಸ್ಸೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ಅವಳ ಕುತ್ತಿಗೆಯ ನಳಿಕೆ ಮುಚ್ಚಿದ ಸೆರಗಿನ ಕಡೆ ಕಣ್ಣು ಹೋದರೆ ನಗೆ ನಿಲ್ಲುತ್ತಿತ್ತು.

ಅಷ್ಟು ದಿನವೂ ಮಾರೆಣ್ಣ ಅಭ್ಯಾಸ ಮಾಡಿದ. ಸಂಜೆ ಶಾಲೆಯ ಮೈದಾನದಲ್ಲಿ ಒಬ್ಬನೇ. ಹೋಗುವುದು, ನಿಲ್ಲಿಸುವುದು, ಹೋಗುವುದು, ನಿಲ್ಲಿಸುವುದು. ಈಗ ಎಮ್ಮೆ ಬಂತು ಎಂದು ಕೂಗಲು ಹೊಸ್ತಿಲ ಮೇಲೆ ಯಾರೂ ಕೂರುತ್ತಿರಲಿಲ್ಲ. ಅವಳು ಒಳಗೆ ಮಲಗಿರುತ್ತಿದ್ದಳು. ಒಂದು ಸಲ ನಾನು ಅವನ ಮನೆಗೆ ಹೋಗಿ ನೋಡಿದೆ. ಊಟ ಮಾಡುವಾಗಲೂ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತಿದ್ದ.

ಶಿವರಾತ್ರಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಕೋಳೂರು ಕ್ರಾಸಿಗೆ ಇನ್ನೂ ಸ್ವಲ್ಪ ದೂರವಿತ್ತು. ಕುರಿಗಳ ಹಿಂಡೊಂದು ಜಾಲಿ ಮರೆಯಿಂದ ಒಮ್ಮೆಲೇ ರಸ್ತೆಗೆ ನುಗ್ಗಿತು. ಗಾದೆಪ್ಪ ಬ್ರೇಕಿನ ಮೇಲೆ ಎದ್ದು ನಿಂತ. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ನಾನು ಕಂಬ ಹಿಡಿದುಕೊಂಡು ಮೊದಲು ತಿರುಗಿ ನೋಡಿದ್ದು ಹಿಂಗಾಜನ್ನು. ಹಿಂದೆ ಹತ್ತಿರದಲ್ಲೇ ಇದ್ದ ಮಾರೆಣ್ಣ. ಅವನ ಬಲಗಾಲು ಒತ್ತಿತು, ಬಲಗೈ ಮುಚ್ಚಿತು, ಗಾಡಿಯ ಮೂಗು ತಗ್ಗಿತು. ಎಡಗೈ ಕಟ್ಟಕಡೆಗೆ, ಎಂಜಿನ್ ಆರದಿರಲೆಂದು ಮೆಲ್ಲಗೆ ಬಂತು. ಗಾಡಿ ಬಸ್ಸಿನ ಹಿಂದೆ ಒಂದು ಮಾರು ದೂರದಲ್ಲಿ ನೆಟ್ಟಗೆ ನಿಂತಿತು.

ಹಂಪಕ್ಕ ಗಾಜಿಗೆ ಎರಡೂ ಅಂಗೈ ಹಚ್ಚಿದ್ದಳು. ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿದ್ದವು.

'ಯಣ್ಣಾ, ನೋಡಿದ್ಯಾ? ಕೈ ಸುಮ್ನಿತ್ತು!'

'ನೋಡಿದ್ನವ.'

'ವಾಪಸ್ ಬರೋವಾಗ ನಾ ಆತನ ಹಿಂದ ಕುಂತು ಬರ್ತೀನಿ. ನನಗ ಟಿಕೆಟ್ ಹರಿಬ್ಯಾಡ.'

ಬಳ್ಳಾರಿಯಲ್ಲಿ ಇಳಿದ ಕೂಡಲೇ ಈ ಮಾತನ್ನು ಗಂಡನಿಗೆ ಹೇಳಿದಳು. ಮಾರೆಣ್ಣ ಆ ದಿನ ಕೌಲ್ ಬಜಾರಿಗೆ ಹೋಗಲೇ ಇಲ್ಲ. ಮಧ್ಯಾಹ್ನ ನಾನು ಬಸ್ ನಿಲ್ದಾಣದಲ್ಲಿ ಊಟ ಮುಗಿಸಿ ಬಂದಾಗ, ನಮ್ಮ ಬಸ್ಸಿನ ಪಕ್ಕ ಬೈಕ್ ನಿಂತಿತ್ತು. ತೊಳೆದು ಒರೆಸಿದ್ದ. ಸೀಟಿನ ಮೇಲೆ ಕಂಬಳಿ ಮಡಚಿ ಹಾಕಿದ್ದ. ಆಸ್ಪತ್ರೆಯಿಂದ ಆಟೋದಲ್ಲಿ ಕರೆತಂದಿದ್ದ ಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದಳು. ಯಂತ್ರದಿಂದ ಎದ್ದು ಬಂದ ದಿನ ಅವಳ ಮುಖ ಹೀಗೆಯೇ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಆದರೆ ಅಂದು ಇನ್ನೂ ಹೆಚ್ಚಾಗಿತ್ತು. ಆದರೂ ಎದ್ದಳು. ಗಂಡನ ಭುಜ ಹಿಡಿದು ಸೀಟಿನ ಮೇಲೆ ಕುಳಿತಳು.

ಕುಳಿತವಳು ಹಾಗೆಯೇ ಪಕ್ಕಕ್ಕೆ ಜಾರಿದಳು. ನಾನು ಹಿಡಿದುಕೊಂಡೆ. ಮತ್ತೆ ಕೂರಿಸಿದೆವು, ಮತ್ತೆ ಜಾರಿದಳು. ಬೆನ್ನಿನಲ್ಲಿ ಕಸುವೇ ಉಳಿದಿರಲಿಲ್ಲ. ಗಾಡಿಯಿನ್ನೂ ಶುರುವಾಗಿರಲಿಲ್ಲ, ನಿಂತ ಗಾಡಿಯ ಮೇಲೆಯೇ ಅವಳಿಗೆ ಕೂರಲಾಗುತ್ತಿರಲಿಲ್ಲ.

'ಕಟ್ಟು' ಎಂದಳು. 'ಮೊದ್ಲಿನಂಗ ಟವಲ್ಲೀಲೆ ಕಟ್ಟು.'

ಮಾರೆಣ್ಣನ ಹೆಗಲ ಮೇಲೆ ಟವಲ್ ಇತ್ತು. ಅವನು ಅದನ್ನು ಮುಟ್ಟಲಿಲ್ಲ.

'ಕಟ್ಟಂಗಿಲ್ಲ ಹಂಪಿ.'

'ಯಾಕ?'

'ಕಟ್ಟಂಗಿಲ್ಲ. ಇನ್ನೊಂದು ಸಲ ನಾ ಕಟ್ಟಂಗಿಲ್ಲ.'

'ನಿನ್ನ ಕೈ ಸುಮ್ಮನಾಗೇತಲ್ಲೋ. ನಾ ನನ್ನ ಕಣ್ಣೀಲೆ ನೋಡೀನಿ.'

'ಒಂದು ಸಲ ಸುಮ್ಮನಿದ್ರ ಆತೇನು?' ಮಾರೆಣ್ಣನ ದನಿ ಒಡೆಯಿತು. 'ಬೀಳೋದಾದ್ರ ನಾ ಒಬ್ಬಾತ ಬೀಳ್ತೀನಿ.'

ಕಟ್ಟದೆ ಅವಳು ಕೂರಲಾರಳು, ಕಟ್ಟುವುದಕ್ಕೆ ಅವನು ಒಪ್ಪಲಾರ. ಯಾರಿಗೆ ಬುದ್ಧಿ ಹೇಳುವುದು? ಇಬ್ಬರೂ ಹೇಳುವುದು ಸರಿಯಾಗಿಯೇ ಇತ್ತು. ಗಾದೆಪ್ಪ ಎಂಜಿನ್ ಶುರು ಮಾಡಿ ಹಾರನ್ ಹೊಡೆದ. ಮಾರೆಣ್ಣ ಹೆಂಡತಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಸ್ ಹತ್ತಿ, ಕೊನೆಯ ಸಾಲಿನಲ್ಲಿ ಅವಳ ಜಾಗದಲ್ಲಿ ಕೂರಿಸಿದ.

'ಮತ್ತ ಕಲ್ತಿದ್ದು ಯಾರ ಸಲುವಾಗಿ?' ಎಂದು ಕೇಳಿದಳು ಹಂಪಕ್ಕ.

ಅವನು ಹೆಲ್ಮೆಟ್ ಹಾಕಿಕೊಳ್ಳುತ್ತ ಇಳಿದು ಹೋದ.

ಆ ದಿನ ಅವಳು ಹಿಂದಕ್ಕೆ ತಿರುಗಿ ಕೂರಲಿಲ್ಲ. ಸಿಟ್ಟೋ ಸುಸ್ತೋ, ಹಿಂಗಾಜಿಗೆ ತಲೆ ಆನಿಸಿ ಮುಂದಕ್ಕೆ ಮುಖ ಮಾಡಿ ಕಣ್ಣು ಮುಚ್ಚಿದಳು. ಹಿಂದಿನಿಂದ ಬರುವವನಿಗೆ ಅವಳ ತುರುಬು ಮಾತ್ರ ಕಾಣುತ್ತಿದ್ದಿರಬೇಕು. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಕುಳಿತಿದ್ದಳು. ನಾನು ಟಿಕೆಟ್ ಹರಿಯುತ್ತ ಮುಂದಕ್ಕೆ ಹೋದೆ, ಹಿಂದಕ್ಕೆ ಬಂದೆ. ಹಂಪಕ್ಕನ ತಲೆ ಹುಡುಗಿಯ ಹೆಗಲಿಗೆ ವಾಲಿತ್ತು. ಎಬ್ಬಿಸಬೇಡಿ ಎಂದು ಆ ಹುಡುಗಿ ಕಣ್ಣಲ್ಲೇ ನನಗೆ ಹೇಳಿದಳು. ಒಳ್ಳೆಯ ಹುಡುಗಿ, ಅಲುಗಾಡದೆ ಕುಳಿತಿದ್ದಳು. ಮಲಗಲಿ ಪಾಪ ಎಂದುಕೊಂಡು ನಾನೂ ಮುಂದೆ ಹೋದೆ.

ಆಗ ಹಿಂದಿನಿಂದ ಹಾರನ್ ಕೇಳಿಸಿತು. ಬಿಡದೆ ಒಂದೇ ಸಮನೆ. ಮಾರೆಣ್ಣ ಜೀವಮಾನದಲ್ಲಿ ಹಾರನ್ ಹೊಡೆದವನಲ್ಲ. ಗಾದೆಪ್ಪ ಏನಿವನದು ಎಂದು ಕನ್ನಡಿ ನೋಡುವಷ್ಟರಲ್ಲಿ ಬೈಕು ಬಲಗಡೆಯಿಂದ ನುಗ್ಗಿ ಬಂದು, ಬಸ್ಸನ್ನು ದಾಟಿ, ಮುಂದೆ ಅಡ್ಡ ತಿರುಗಿ ನಿಂತಿತು. ಹಾಗೆ ನಿಲ್ಲಿಸುವುದು ಹುಡುಗಾಟದ ಮಾತಲ್ಲ. ಒಂದಿಷ್ಟು ಜಾರಿದ್ದರೂ ಗಾಲಿಯ ಕೆಳಗಿರುತ್ತಿದ್ದ. ಬಸ್ ಅವನ ಮೊಣಕಾಲಿನ ಹತ್ತಿರ ಬಂದು ನಿಂತಿತು.

'ಸಾಯಾಕ ನಮ್ಮ ಬಸ್ಸೇ ಬೇಕಾತೇನಲೇ!' ಎಂದು ಗಾದೆಪ್ಪ ಚೀರಿದ. ನಾನೂ ಬೈಯಲೆಂದೇ ಬಾಗಿಲು ತೆಗೆದೆ. ಮಾರೆಣ್ಣ ನನ್ನನ್ನು ತಳ್ಳಿಕೊಂಡು ಒಳಗೆ ಬಂದ. ಹೆಲ್ಮೆಟ್ ತಲೆಯ ಮೇಲೆಯೇ ಇತ್ತು. ನಿಂತವರನ್ನೆಲ್ಲ ಸರಿಸಿ ಕೊನೆಯ ಸಾಲಿಗೆ ಹೋಗಿ ಹೆಂಡತಿಯ ಮುಖ ಎರಡೂ ಕೈಯಲ್ಲಿ ಹಿಡಿದ.

'ಹಂಪಿ. ಏ ಹಂಪಿ.'

ಹುಡುಗಿ ಆಗ ಬೆಚ್ಚಿ ತನ್ನ ಹೆಗಲು ನೋಡಿಕೊಂಡಳು. ಅವಳಿಗೆ ಗೊತ್ತಾಗಿರಲಿಲ್ಲ. ಎರಡು ಸಲ ಪಕ್ಕದಲ್ಲೇ ಓಡಾಡಿದ ನನಗೂ ಗೊತ್ತಾಗಿರಲಿಲ್ಲ. ಹೊರಗೆ ರಸ್ತೆಯ ಮೇಲೆ, ಗಾಜಿನಾಚೆ ಬರುತ್ತಿದ್ದವನಿಗೆ ಗೊತ್ತಾಗಿತ್ತು.

'ತಲಿ ಜಾರಿದ್ದು ಕಂಡ್ತು ಉಜ್ಜಣ್ಣ' ಎಂದ. 'ಮಲಗಿದ ತಲಿ ಹಂಗ ಜಾರಂಗಿಲ್ಲ. ಆಕಿ ನನ್ನ ಬೆನ್ನಿಗೆ ಮಲಗಿದ್ದು ನನಗ ಗೊತ್ತಿಲ್ಲೇನು?'

ಬಳ್ಳಾರಿಗೆ ಬಸ್ ತಿರುಗಿಸಲೇ ಎಂದು ಗಾದೆಪ್ಪ ಕೇಳಿದ. ಅಷ್ಟು ಹೊತ್ತಿಗೆ ಅವನ ದನಿಯೂ ಇಳಿದಿತ್ತು. ಮಾರೆಣ್ಣ ಬೇಡವೆಂದು ತಲೆಯಾಡಿಸಿ, ಹುಡುಗಿ ಎದ್ದ ಜಾಗದಲ್ಲಿ ಕುಳಿತು ಹೆಂಡತಿಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡ. ಬೈಕನ್ನು ರಸ್ತೆಯ ಪಕ್ಕಕ್ಕೆ ತಳ್ಳಿ ನಿಲ್ಲಿಸಿ ನಾವು ಹೊರಟೆವು. ಕುರುಗೋಡು ಮುಟ್ಟುವವರೆಗೆ ಯಾರೂ ಇಳಿಯುತ್ತೇನೆಂದು ಕೂಗಲಿಲ್ಲ, ದಾರಿಯ ಊರುಗಳವರೂ ನಮ್ಮ ಜೊತೆಯೇ ಬಂದರು. ನಾನು ಬಾಗಿಲಿನ ಕಂಬ ಹಿಡಿದು ಅತ್ತೆ. ಕಂಡಕ್ಟರ್ ಅಳಬಾರದು ಎಂದೇನೂ ಇಲ್ಲ.

ಹುಲುಗೇಶ್ ಹೋಗಿ ಬೈಕ್ ತಂದ. ಕರ್ಮವೆಲ್ಲ ಮುಗಿದ ಮೇಲೆ ಮಾರೆಣ್ಣ ಮತ್ತೆ ಅದರ ಮೇಲೆಯೇ ಗಂಟು ತರತೊಡಗಿದ. ಈಗ ಅವನಷ್ಟು ಸರಿಯಾಗಿ ಗಾಡಿ ಓಡಿಸುವವರು ನಮ್ಮ ರೂಟಿನಲ್ಲಿ ಯಾರೂ ಇಲ್ಲ. ಭತ್ತ ಕಂಡರೆ ದೂರದಿಂದಲೇ ನಿಧಾನ ಮಾಡುತ್ತಾನೆ, ಕನ್ನಡಿ ನೋಡದೆ ತಿರುಗುವುದಿಲ್ಲ. ಒಂದು ದಿನ ಕೌಲ್ ಬಜಾರಿನ ಚಹಾದಂಗಡಿಯಲ್ಲಿ ಸಿಕ್ಕ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಬೈಯುವುದೊಂದೇ ಬರುತ್ತದೆ. ಏನಾದರೂ ಒಳ್ಳೆಯದು ಹೇಳೋಣವೆಂದು, 'ಮಾರೆಣ್ಣ, ಅವತ್ತು ಬಸ್ಸಿನ ಮುಂದ ನಿಲ್ಲಿಸಿದ್ಯಲ್ಲ, ಗಾದೆಪ್ಪ ಇನ್ನೂ ಎಲ್ಲರಿಗೂ ಹೇಳ್ತಾನ ನೋಡು. ನಿನ್ನ ಎಡಗೈ ಒಂದೀಟು ತಪ್ಪಲಿಲ್ಲಂತ' ಎಂದೆ.

ಮಾರೆಣ್ಣ ಚಹಾದ ಲೋಟ ಕೆಳಗಿಟ್ಟ.

'ತಪ್ಪಿದ್ರ ಚಲೋ ಇತ್ತು ಉಜ್ಜಣ್ಣ.'